ಡೇಕೇರ್‌ನಲ್ಲಿ 14 ಮಕ್ಕಳಿಗೆ ಅಡುಗೆ: ಏನು, ಎಷ್ಟು, ಎಷ್ಟೊತ್ತಿಗೆ?

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿ ಮನೆಯಲ್ಲೇ ಡೇಕೇರ್, ಒಂದರಿಂದ ಐದು ವರ್ಷದ 14 ಮಕ್ಕಳು, ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ, ಅಡುಗೆಗೆ ಒಬ್ಬರು, ಮಕ್ಕಳನ್ನು ನೋಡಿಕೊಳ್ಳಲು ಮೂವರು. 11 ಗಂಟೆಗೆ ಹಾಲು ಬಿಸ್ಕೆಟ್, 1.15ಕ್ಕೆ ಊಟ. ದಿನಕ್ಕೊಂದು ಬಗೆ ಮಾಡಿಸಿದರೂ ಅರ್ಧಕ್ಕರ್ಧ ಉಳಿಯುತ್ತಿದೆ, ಯಾವ ಮೆನು ಇಟ್ಟರೆ ಮಕ್ಕಳು ತಿಂತಾರೆ ಅಂತ.

ಮೆನು ಆಮೇಲೆ ನೋಡೋಣ, ಮೊದಲು ಊಟದ ಹೊತ್ತು ಬದಲಾಯಿಸಿ. ಎರಡು ವರ್ಷದ ಮಗು ಬೆಳಿಗ್ಗೆ ಆರೂವರೆ, ಏಳಕ್ಕೆ ಎದ್ದಿರುತ್ತದೆ. ಹನ್ನೆರಡೂವರೆ ದಾಟುತ್ತಿದ್ದಂತೆ ಕಣ್ಣುಜ್ಜಲು ಶುರು ಮಾಡುತ್ತದೆ. ಒಂದೂಕಾಲಿಗೆ ತಟ್ಟೆ ಮುಂದಿಟ್ಟರೆ ಆಗ ಹಸಿವಿಗಿಂತ ನಿದ್ದೆಯೇ ಜೋರು, ರಚ್ಚೆ ಹಿಡಿಯುತ್ತದೆ. ಇನ್ನು ಹನ್ನೊಂದರ ಹಾಲು. 200 ಮಿ.ಲೀ. ಹಾಲಿಗೆ ಎರಡು ಬಿಸ್ಕೆಟ್ ಸೇರಿದರೆ ಹತ್ತಿರ ಹತ್ತಿರ 200 ಕ್ಯಾಲರಿ. ಆ ವಯಸ್ಸಿನ ಮಗುವಿನ ಇಡೀ ಮಧ್ಯಾಹ್ನದ ಊಟವೇ 250ರಿಂದ 300 ಕ್ಯಾಲರಿ. ಅಂದರೆ ಊಟದ ಮುಕ್ಕಾಲು ಪಾಲು ಹನ್ನೊಂದಕ್ಕೇ ಹೊಟ್ಟೆ ಸೇರಿಬಿಟ್ಟಿದೆ. ಅದರ ಮೇಲೆ ಎಷ್ಟೇ ರುಚಿಯಾದ ಬಿಸಿಬೇಳೆಭಾತ್ ಮಾಡಿಸಿದರೂ ಉಳಿಯುತ್ತದೆ.

ಈ ಹೊತ್ತುಗಳನ್ನು ಎರಡು ವಾರ ಹಿಡಿದು ನೋಡಿ. 9.15ಕ್ಕೆ ಬೆಳಗಿನ ತಿಂಡಿ. ಮನೆಯಲ್ಲಿ ತಿಂದು ಬಂದವರು ಒಂದೆರಡು ತುತ್ತು ತಿನ್ನಲಿ, ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಅದೇ ತಿಂಡಿ. 10.45ರ ಒಳಗೆ ಅರ್ಧ ಬಾಳೆಹಣ್ಣು ಅಥವಾ ಎರಡು ತುಂಡು ಪಪ್ಪಾಯಿ, ಅದಕ್ಕಿಂತ ಹೆಚ್ಚಿಲ್ಲ. ಒಂದರಿಂದ ಎರಡು ವರ್ಷದವರಿಗೆ 11.45ಕ್ಕೆ ಊಟ, ಉಳಿದವರಿಗೆ 12.15ಕ್ಕೆ. 1ರಿಂದ 3ರವರೆಗೆ ನಿದ್ದೆ. 3.30ಕ್ಕೆ ಸಂಜೆಯ ತಿಂಡಿ, ಹಾಲು ಕೊಡುವುದಿದ್ದರೆ ಇದರ ಜೊತೆಗೆ. 5ರ ನಂತರ ನೀರು ಬಿಟ್ಟು ಏನೂ ಬೇಡ. ರಾತ್ರಿ ಮನೆಯಲ್ಲಿ ಉಣ್ಣಬೇಕಲ್ಲ. ಹಾಲು ದಿನಕ್ಕೆ, ಮನೆಯದ್ದೂ ಸೇರಿ, 400ರಿಂದ 500 ಮಿ.ಲೀ. ದಾಟದಿರಲಿ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಲಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಿಗೆ ರಕ್ತಹೀನತೆ ಬರುವುದು ಹೀಗೆ. ಡಬ್ಬಿಯಲ್ಲಿ ಬಿಸ್ಕೆಟ್, ಕುರ್ಕುರೆ ಕಳಿಸಬೇಡಿ ಅಂತ ತಂದೆತಾಯಿಗೆ ಈಗಲೇ ಹೇಳಿಬಿಡಿ. ಒಂದು ಮಗುವಿನ ಡಬ್ಬಿಯಲ್ಲಿ ಬಿಸ್ಕೆಟ್ ಕಂಡರೆ ಉಳಿದ ಹದಿಮೂರು ಮಕ್ಕಳೂ ಅನ್ನ ದೂರ ತಳ್ಳುತ್ತಾರೆ.

ಈಗ ಅಳತೆ. ಅರ್ಧ ಉಳಿಯುತ್ತಿದೆ ಎಂದರೆ ದೊಡ್ಡವರ ಲೆಕ್ಕದಲ್ಲಿ ಅಕ್ಕಿ ಹಾಕುತ್ತಿರಬಹುದು. ಮಧ್ಯಾಹ್ನದ ಊಟಕ್ಕೆ ಹಸಿ ಅಕ್ಕಿ ಒಂದರಿಂದ ಎರಡು ವರ್ಷದ ಮಗುವಿಗೆ 25 ಗ್ರಾಂ, ಎರಡರಿಂದ ಮೂರಕ್ಕೆ 35, ಮೂರರಿಂದ ಐದಕ್ಕೆ 50. ನಿಮ್ಮಲ್ಲಿ ಕ್ರಮವಾಗಿ 4, 6, 4 ಮಕ್ಕಳಿದ್ದಾರೆ ಅಂತಿಟ್ಟುಕೊಂಡರೆ 510 ಗ್ರಾಂ, ಅಂದರೆ ಅರ್ಧ ಕೆಜಿ ಅಕ್ಕಿ. ಬೇಳೆ 200 ಗ್ರಾಂ, ಸಿಪ್ಪೆ ತೆಗೆದು ಹೆಚ್ಚಿದ ತರಕಾರಿ 600 ಗ್ರಾಂ, ತುಪ್ಪ ತಲೆಗೊಂದು ಚಿಕ್ಕ ಚಮಚದಂತೆ 70 ಮಿ.ಲೀ. ಸಿಬ್ಬಂದಿಯೂ ಅಲ್ಲೇ ಉಂಡರೆ ಅವರಿಗೆ ತಲಾ 100 ಗ್ರಾಂ ಅಕ್ಕಿ ಬೇರೆಯಾಗಿ ಲೆಕ್ಕ ಹಾಕಿ. ಮಕ್ಕಳ ಪಾಲಿನ ಅಡುಗೆಗೆಲ್ಲ ಸೇರಿ ಉಪ್ಪು ಒಂದೂವರೆ ಚಿಕ್ಕ ಚಮಚ, ಗೋಪುರ ಮಾಡದೆ ಸಮಮಟ್ಟಕ್ಕೆ. ಸಣ್ಣ ಮಕ್ಕಳಿಗೆ ಇಡೀ ದಿನಕ್ಕೆ 2 ಗ್ರಾಂ ಉಪ್ಪು ದಾಟಬಾರದು. ಅಡುಗೆಯವರ ನಾಲಿಗೆಗೆ ಇದು ಸಪ್ಪೆ ಎನಿಸುತ್ತದೆ. ಸಪ್ಪೆ ಅನ್ನಿಸಿದರೆ ಸರಿಯಾಗಿದೆ ಎಂದು ಅವರಿಗೆ ತಿಳಿಹೇಳಿ. ತುಪ್ಪದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ. ಪುಟ್ಟ ಹೊಟ್ಟೆಗೆ ಹಿಡಿಸುವ ಅನ್ನ ಸ್ವಲ್ಪವೇ, ಆ ಸ್ವಲ್ಪದಲ್ಲಿ ಶಕ್ತಿ ಕೊಡುವುದು ತುಪ್ಪ.

ಊಟದಲ್ಲಿ ತೊವ್ವೆ ಅನ್ನ ಒಂದನ್ನು ಸರಿಯಾಗಿ ಮಾಡಲು ಕಲಿತರೆ ಮುಕ್ಕಾಲು ಕೆಲಸ ಮುಗಿದಂತೆ. 10 ಗಂಟೆಗೆ ಅಕ್ಕಿ, ಬೇಳೆ ಬೇರೆ ಬೇರೆಯಾಗಿ ತೊಳೆದು ಅರ್ಧ ಗಂಟೆ ನೆನೆಹಾಕಿ. 200 ಗ್ರಾಂ ಬೇಳೆಗೆ (ತೊಗರಿ, ಹೆಸರು ಅರ್ಧರ್ಧ ಆದರೆ ಬೇಗ ಕರಗುತ್ತದೆ) 800 ಮಿ.ಲೀ. ನೀರು, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ, ಸಿಹಿಗುಂಬಳದ ಹೋಳು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು. ಎಣ್ಣೆ ಹಾಕದಿದ್ದರೆ ನೊರೆ ಉಕ್ಕಿ ವಿಷಲ್ ಕಟ್ಟಿಕೊಳ್ಳುತ್ತದೆ. ಅಕ್ಕಿಗೆ ಒಂದಕ್ಕೆ ಮೂರು ನೀರು, ನಾಲ್ಕು ಕೂಗು. ಎರಡನ್ನೂ 11.15ರ ಹೊತ್ತಿಗೆ ಇಳಿಸಿ. ಒಗ್ಗರಣೆಗೆ ತುಪ್ಪ, ಜೀರಿಗೆ, ಇಂಗು ಸಾಕು. ಸಾಸಿವೆ ಬೇಕೆಂದರೆ ಚೆನ್ನಾಗಿ ಸಿಡಿಯಲಿ. ಕರಿಬೇವನ್ನು ಸಣ್ಣಗೆ ಹೆಚ್ಚಿ ಹಾಕಿ; ಇಡೀ ಎಲೆ ಅಂಗುಳಕ್ಕೆ ಅಂಟಿಕೊಂಡರೆ ಮಗು ಓಕರಿಸಿ, ತಿಂದಿದ್ದನ್ನೆಲ್ಲ ಕಕ್ಕುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಹದದಲ್ಲಿ. ಇಳಿಸಿದಾಗ ಸರಿಯಾಗಿದ್ದ ತೊವ್ವೆ ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅನ್ನಕ್ಕೆ ಕಲಸಿದ ಮೇಲೆ ಅನ್ನವೂ ನೀರು ಹೀರುತ್ತದೆ. ಹನ್ನೊಂದೂಕಾಲಿಗೆ ಬೆಣ್ಣೆಯಂತಿದ್ದದ್ದು ಹನ್ನೆರಡೂಕಾಲಿಗೆ ಉಂಡೆ. ಅದಕ್ಕೇ ಇಳಿಸುವಾಗ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರಲಿ, ಪಕ್ಕದಲ್ಲಿ ಅರ್ಧ ಲೀಟರ್ ಕುದಿದ ಬಿಸಿನೀರು ಫ್ಲಾಸ್ಕಿನಲ್ಲಿರಲಿ. ತಣ್ಣೀರು ಬೆರೆಸಿದರೆ ಅನ್ನ ಬಿಡಿಬಿಡಿಯಾಗಿ ನಿಲ್ಲುತ್ತದೆ, ಬೆರೆಯುವುದಿಲ್ಲ. ಪರೀಕ್ಷೆ ಸುಲಭ: ಒಂದು ಚಮಚ ತೆಗೆದು ಓರೆ ಮಾಡಿ. ಹನಿಹನಿಯಾಗಿ ಸುರಿದರೆ ತೀರಾ ತೆಳುವಾಯಿತು, ಅದರಲ್ಲಿ ಶಕ್ತಿ ಸಾಲದು. ಅಲುಗದೆ ಅಂಟಿಕೊಂಡರೆ ಗಟ್ಟಿಯಾಯಿತು. ನಿಧಾನವಾಗಿ ಜಾರಿ ಬೀಳಬೇಕು. ಒಂದರಿಂದ ಎರಡು ವರ್ಷದವರ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು ಸೌಟಿನ ಹಿಂಭಾಗದಲ್ಲಿ ಕಿವುಚಿ, ಅಲ್ಲಲ್ಲಿ ಮೆತ್ತನೆಯ ಹೋಳು ಉಳಿಯುವಂತೆ. ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ತಿರುಗಿದ ಅನ್ನ ಗೋಂದಾಗುತ್ತದೆ, ನಾಲಿಗೆಯಿಂದ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವರ್ಷ ದಾಟಿದರೂ ನುಣ್ಣಗಿದ್ದದ್ದನ್ನೇ ಉಣಿಸಿದ ಮಗು ಅಗಿಯುವುದನ್ನೇ ಕಲಿಯುವುದಿಲ್ಲ, ಮೂರು ವರ್ಷವಾದರೂ ಚಪಾತಿ ಕಂಡರೆ ಬಾಯಿ ಮುಚ್ಚುತ್ತದೆ.

ಹುಳಿ, ಸಾಂಬಾರ್ ಮಾಡುವ ದಿನ ಬೆಂದ ಬೇಳೆ ತರಕಾರಿಯಲ್ಲಿ ಮಕ್ಕಳ ಪಾಲು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ ಹುಳಿಪುಡಿ ಹಾಕಿ. ಎಲ್ಲರಿಗೂ ಖಾರದ ಸಾಂಬಾರ್ ಮಾಡಿ, ಮಕ್ಕಳಿಗೆ ಬೆಲ್ಲ ಸುರಿದು ಖಾರ ಮುಚ್ಚುವ ಅಭ್ಯಾಸ ಬೇಡ. ಖಾರ ಹಾಗೇ ಇರುತ್ತದೆ, ಸಿಹಿಯ ಚಪಲ ಹೊಸದಾಗಿ ಸೇರಿಕೊಳ್ಳುತ್ತದೆ.

ತರಕಾರಿಗಳಲ್ಲಿ ಸಿಹಿಗುಂಬಳ, ಕ್ಯಾರೆಟ್, ಬೀನ್ಸ್, ಸೋರೆ, ಪಾಲಕ್, ದಂಟು ಸುಲಭ. ಬೀನ್ಸಿನ ನಾರು ಎರಡೂ ಕಡೆ ಬಿಡಿಸಬೇಕು. ಸೊಪ್ಪನ್ನು ದಂಟಿಗೆ ಅಡ್ಡವಾಗಿ ಸಣ್ಣಗೆ ಹೆಚ್ಚಬೇಕು, ಇಲ್ಲವಾದರೆ ಉದ್ದನೆಯ ನಾರು ಗಂಟಲಲ್ಲಿ ಎಳೆಯುತ್ತದೆ. ನುಗ್ಗೆಕಾಯಿಯ ತಿರುಳನ್ನು ಮಾತ್ರ ಕೆರೆದು ಹಾಕಿ. ಸೋರೆಕಾಯಿ ಹೆಚ್ಚುವ ಮೊದಲು ಚೂರು ಕಚ್ಚಿ ನೋಡಲೇಬೇಕು. ಕಹಿ ಇದ್ದರೆ ಇಡೀ ಕಾಯಿ ತಿಪ್ಪೆಗೆ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಬೀಟ್‌ರೂಟ್ ಮಾಡಿದ ದಿನ ತಂದೆತಾಯಿಗೆ ಒಂದು ಸಾಲು ಮೆಸೇಜ್ ಹಾಕಿ, ಮರುದಿನ ಮಗುವಿನ ಕಕ್ಕಸು ಕೆಂಪಗಿರುವುದನ್ನು ಕಂಡು ರಕ್ತ ಅಂತ ಗಾಬರಿಯಾಗಿ ಆಸ್ಪತ್ರೆಗೆ ಓಡುವವರಿದ್ದಾರೆ. ಬೇಳೆ, ಸೊಪ್ಪಿನ ಮೇಲೆ ಬಡಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ. ಕುದಿಯುವಾಗಲೇ ಹಿಂಡಿದರೆ ವಿಟಮಿನ್ ಸಿ ಒಂದಷ್ಟು ಹಾಳಾಗುತ್ತದೆ.

ಸಂಜೆಗೆ ವಾರದಲ್ಲಿ ಮೂರು ದಿನ ರಾಗಿ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಅಂಗಡಿಯ ಹಿಟ್ಟಿಗಿಂತ ಮೊಳಕೆ ಕಟ್ಟಿದ ಹಿಟ್ಟು ಮೇಲು. ಒಂದು ಕೆಜಿ ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಿ, 12 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಬಿಡಿ. ಬಿಳಿ ಮೊಳಕೆ ಕಾಳಿನ ಉದ್ದಕ್ಕೆ ಬಂದರೆ ಸಾಕು. ನೆರಳಲ್ಲಿ ಗರಿಗರಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು ಬೀಸಿಸಿ, ಜರಡಿ ಹಿಡಿಯಿರಿ. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿರುತ್ತದೆ. ಅದರಿಂದ ಗಂಜಿ ಗಟ್ಟಿಯಾಗದೆ ನೀರಾಗಿ ನಿಲ್ಲುತ್ತದೆ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ, ಮಗುವಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಕಪ್ಪಗೆ ಹುರಿದುಬಿಟ್ಟರೆ ಈ ಗುಣ ಸತ್ತುಹೋಗುತ್ತದೆ. ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಬೂಷ್ಟು ವಾಸನೆ ಬಂದರೆ ಕೆಜಿ ರಾಗಿ ಹೋಯಿತಲ್ಲ ಅಂತ ನೋಡದೆ ಎಸೆಯಿರಿ.

14 ಮಕ್ಕಳಿಗೆ 210 ಗ್ರಾಂ ಹಿಟ್ಟು, ಎರಡು ಲೀಟರ್‌ಗೆ ಸ್ವಲ್ಪ ಕಡಿಮೆ ನೀರು. ಹಿಟ್ಟನ್ನು ಮೊದಲು ಅರ್ಧ ಲೀಟರ್ ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ನೀರಿಗೆ ಕೈಯಾಡಿಸುತ್ತ ಸುರಿಯಿರಿ. ಒಣಹಿಟ್ಟು ನೇರವಾಗಿ ಬಿಸಿನೀರಿಗೆ ಬಿದ್ದರೆ ಹೊರಪದರ ಬೆಂದು ಒಳಗೆ ಹಸಿಹಿಟ್ಟು ಉಳಿದು ಗಂಟು ಕಟ್ಟುತ್ತದೆ. ಕುದಿ ಬಂದ ಮೇಲೂ ಎಂಟು ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೇಯಲಿ, ತಳ ಹಿಡಿಯದಂತೆ. ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿಕೊಳ್ಳಿ, ಅದರಲ್ಲಿ ಮರಳು ಇದ್ದೇ ಇರುತ್ತದೆ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ, ಕೊನೆಗೆ ಹಾಲು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ. ಎರಡು ವರ್ಷದೊಳಗಿನವರಿಗೆ ಬೆಲ್ಲದ ಬದಲು ಕಿವುಚಿದ ಬಾಳೆಹಣ್ಣು. ಮುಂದೆ ವರ್ಷ ತುಂಬದ ಕೂಸನ್ನು ಸೇರಿಸಿಕೊಂಡರೆ ಉಪ್ಪು ಸಕ್ಕರೆ ಎರಡೂ ಬೇಡ, ಜೇನುತುಪ್ಪವಂತೂ ನೆಕ್ಕಿಸಲೇಬಾರದು.

ಬೆಳಗಿನ ತಿಂಡಿಗೆ ಇಡ್ಲಿ, ಹೆಸರುಬೇಳೆ ಹುಗ್ಗಿ, ಉಪ್ಪಿಟ್ಟು, ಮೊಸರವಲಕ್ಕಿ ಸಾಕು. ಉಪ್ಪಿಟ್ಟಿಗೆ ಒಂದು ಲೋಟ ಹುರಿದ ರವೆಗೆ ಮೂರು ಲೋಟ ನೀರು, ದೊಡ್ಡವರಿಗೆ ಮಾಡುವಂತೆ ಉದುರುದುರಾಗಿ ಬೇಡ. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಹಾಕಬೇಡಿ. ಹುರಿದ ಬೇಳೆ ಕಲ್ಲಿನಂತಿರುತ್ತದೆ, ದವಡೆ ಹಲ್ಲು ಪೂರ್ತಿ ಬಾರದ ಮಕ್ಕಳು ಅದನ್ನು ಅಗಿಯಲಾರರು. ಇಡ್ಲಿಯನ್ನು ಒಣದಾಗಿ ಕೈಗೆ ಕೊಟ್ಟರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ತುಪ್ಪದಲ್ಲೋ ತೊವ್ವೆಯಲ್ಲೋ ಅದ್ದಿ ಕೊಡಿ. ಮೊಟ್ಟೆ ತಿನ್ನುವ ಮನೆಯ ಮಕ್ಕಳಿಗೆ 12 ನಿಮಿಷ ಬೇಯಿಸಿ, ಹಳದಿಯನ್ನು ಅನ್ನದಲ್ಲಿ ಕಿವುಚಿ ಕೊಡಿ. ಸೋಮವಾರ ಹೊಸ ತಿಂಡಿ ಇಡಬೇಡಿ, ಎರಡು ದಿನ ಮನೆಯಲ್ಲಿದ್ದು ಬಂದ ಮಕ್ಕಳಿಗೆ ಆ ದಿನ ಗೊತ್ತಿರುವ ರುಚಿಯೇ ಬೇಕು. ದಿನಕ್ಕೊಂದು ಬಗೆಯ ಹಟವನ್ನೂ ಬಿಡಿ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ ತಟ್ಟೆಯಲ್ಲಿ ನೋಡಿ, ಮುಟ್ಟಿ, ಉಗಿದು ಆಗಬೇಕು. ಎರಡನೇ ಸಲ ಬೇಡ ಅಂದಿತೆಂದು ಮೆನುವಿನಿಂದ ತೆಗೆದರೆ ಆ ತರಕಾರಿ ಅಲ್ಲಿಗೇ ಮುಗಿಯಿತು.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಇಡೀ ಕಡಲೆಬೀಜ, ಗೋಡಂಬಿ, ಕಡಲೆಕಾಳು, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ, ಕೊಬ್ಬರಿ ತುಂಡು ಐದು ವರ್ಷದವರೆಗೂ ಡೇಕೇರ್‌ನ ಒಳಗೇ ಬರಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಬೀಜಗಳನ್ನು ನುಣ್ಣಗೆ ಪುಡಿ ಮಾಡಿ ಗಂಜಿಗೆ ಹಾಕಿ. ಹುಟ್ಟುಹಬ್ಬಕ್ಕೆ ಅಂತ ಮನೆಯಿಂದ ಬರುವ ಚಿಕ್ಕಿ, ಗಟ್ಟಿ ಮಿಠಾಯಿಯನ್ನು ಹಾಗೇ ಬ್ಯಾಗಿಗೆ ವಾಪಸ್ ಹಾಕಿ ಕಳಿಸಿ. ಉಂಡ ಮೇಲೆ ಮಲಗಿಸುವ ಮುನ್ನ ಪ್ರತಿ ಮಗುವಿನ ಬಾಯಿ ತೆರೆಸಿ ನೋಡಬೇಕು. ಕೆಲವು ಮಕ್ಕಳು ಕೊನೆಯ ತುತ್ತನ್ನು ನುಂಗದೆ ಕೆನ್ನೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುತ್ತವೆ, ಹೊರಗಿಂದ ನೋಡಿದರೆ ಕೆನ್ನೆ ತುಸು ಉಬ್ಬಿದಂತಿರುತ್ತದೆ ಅಷ್ಟೆ. ಅದು ನಿದ್ದೆಯಲ್ಲಿ ಉಸಿರಿನ ನಾಳಕ್ಕೆ ಇಳಿಯಬಹುದು. ಒಂದು ಗುಟುಕು ನೀರು ಕುಡಿಸಿ, ಬಾಯಿ ಖಾಲಿಯಾಗಿದೆ ಎಂದು ಕಣ್ಣಾರೆ ನೋಡಿಯೇ ಮಲಗಿಸಿ.

ಹಾಗೂ ಸಿಕ್ಕಿಕೊಂಡರೆ, ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದೆ ಉಸಿರು ಕಟ್ಟಿದ್ದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಬಲವಾದ ಏಟು. ಹೋಗದಿದ್ದರೆ ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು, ಹೀಗೇ ಒಂದಾದ ಮೇಲೊಂದು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಿರಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನಷ್ಟು ಒಳಕ್ಕೆ ಹೋಗುತ್ತದೆ. ಓದಿದರೆ ಇದು ಕೈಗೆ ಬರುವುದಿಲ್ಲ. ನಾಲ್ಕೂ ಜನ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯಲಿ.

ಬೆಂದ ಅಡುಗೆ ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು, ಬೇಸಿಗೆಯಲ್ಲಿ ಒಂದೇ ಗಂಟೆ. ನಮ್ಮ ಮನೆಗಳಲ್ಲಿ ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಚಿತ್ರಾನ್ನ ಕಲಸುವುದು ರೂಢಿ. ಡೇಕೇರ್‌ನಲ್ಲಿ ಅದು ಬೇಡವೇ ಬೇಡ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಸಾಯುವುದಿಲ್ಲ, ವಾಂತಿ ಶುರುವಾಗುತ್ತದೆ. ಚಿತ್ರಾನ್ನ ಬೇಕಾದರೆ ಆಗಷ್ಟೇ ಮಾಡಿದ ಅನ್ನವನ್ನು ತಾಂಬಾಳದಲ್ಲಿ ಹರಡಿ ಆರಿಸಿಕೊಳ್ಳಿ. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ಉಂಡು ನೋಡಬೇಕೆಂಬ ನಿಯಮವಿದೆ, ನೀವೂ ಅದನ್ನೇ ಪಾಲಿಸಿ. ದಿನದ ಪ್ರತಿ ಅಡುಗೆಯಲ್ಲಿ ಒಂದು ಬಟ್ಟಲಷ್ಟು ತೆಗೆದು ತಾರೀಖು ಬರೆದು 48 ಗಂಟೆ ಫ್ರಿಜ್ಜಿನಲ್ಲಿಡಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ಪರೀಕ್ಷೆ ಮಾಡಿಸಲು ಅದೊಂದೇ ದಾರಿ. ಇನ್ನೊಂದು ಮಾತು: ಡೈಪರ್ ಬದಲಾಯಿಸುವವರು ಆ ದಿನ ಅಡುಗೆಮನೆಗೆ ಕಾಲಿಡಬಾರದು, ಅಡುಗೆಯವರು ಡೈಪರ್ ಮುಟ್ಟಬಾರದು. ಜನ ಕಡಿಮೆ ಇದ್ದಾರೆ ಅಂತ ಇದರಲ್ಲಿ ಸಡಿಲ ಬಿಟ್ಟರೆ ಭೇದಿ ಒಂದು ಮಗುವಿನಿಂದ ಎಲ್ಲರಿಗೂ ಹಬ್ಬುತ್ತದೆ.

ಒಂದೇ ತಟ್ಟೆಯಲ್ಲಿ ಕಲಸಿ, ಸುತ್ತ ಕೂರಿಸಿ ಎಲ್ಲರಿಗೂ ಕೈತುತ್ತು ಕೊಡುವುದು ಎಷ್ಟೇ ಪ್ರೀತಿಯದಾದರೂ ಡೇಕೇರ್‌ನಲ್ಲಿ ಅದರಿಂದ ನೆಗಡಿ, ಕೆಮ್ಮು, ಬಾಯಿಹುಣ್ಣು ಹರಡುತ್ತವೆ. ಪ್ರತಿಯೊಬ್ಬರಿಗೂ ಹೆಸರು ಬರೆದ ಬಟ್ಟಲು, ಚಮಚ ಇರಲಿ. ಪಾದ ನೆಲಕ್ಕೆ ತಾಗುವಂಥ ತಗ್ಗು ಕುರ್ಚಿ ಅಥವಾ ನೆಲದ ಮೇಲೆ ಚಾಪೆ. ಮೊದಲು ಬಡಿಸುವುದು ನಾಲ್ಕೇ ಚಮಚ, ಕೇಳಿದರೆ ಮತ್ತೆ. ರಾಶಿ ಕಂಡರೆ ಮಗು ಶುರುವಿನಲ್ಲೇ ಮುಖ ತಿರುಗಿಸುತ್ತದೆ. ಏನು, ಯಾವಾಗ ಎನ್ನುವುದು ನಿಮ್ಮ ಕೈಲಿ, ಎಷ್ಟು ಎನ್ನುವುದು ಮಗುವಿನ ಕೈಲಿ. ಮೂಗು ಹಿಡಿದು, ಮೊಬೈಲ್ ತೋರಿಸಿ, ಗುಮ್ಮ ಬರುತ್ತೆ ಅಂತ ಹೆದರಿಸಿ ತುರುಕುವುದು ಬೇಡ. 25 ನಿಮಿಷವಾದ ಮೇಲೆ ತಟ್ಟೆ ಎತ್ತಿಬಿಡಿ. ಸಂಜೆ ಮೂರೂವರೆಗೆ ತಿಂಡಿ ಇದ್ದೇ ಇದೆ.

ಅಲರ್ಜಿಯ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ, ಒಲೆಯ ಎದುರಿಗೇ ಇರಲಿ. ಕಡಲೆಬೀಜ, ಮೊಟ್ಟೆ, ಹಾಲು, ಗೋಧಿ ಈ ನಾಲ್ಕನ್ನು ಸೇರುವಾಗಲೇ ಕೇಳಿ ಬರೆದುಕೊಳ್ಳಿ. ಆ ಮಗುವಿನ ಬಟ್ಟಲು ಬೇರೆ ಇದ್ದರಷ್ಟೇ ಸಾಲದು, ಸೌಟೂ ಬೇರೆ ಇರಬೇಕು. ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರಾಟದಲ್ಲಿ ಸುಯ್ಯ್ ಸದ್ದು ಬಂದರೆ ತಂದೆತಾಯಿಗಾಗಿ ಕಾಯದೆ ನೇರ ಆಸ್ಪತ್ರೆಗೆ ಹೊರಡಿ. ಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು, ಪೂರ್ತಿಯಾಗಿ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಬೆರೆಸಬೇಡಿ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ಚಮಚ ಚಮಚವಾಗಿ. ಮನೆಗೆ ಕರೆದೊಯ್ಯಲು ಬರುವವರೆಗೆ ಊಟ ನಿಲ್ಲಿಸಬೇಡಿ, ಮೊಸರನ್ನ ಕೊಡಬಹುದು.

ಸಂಜೆ ತಂದೆತಾಯಿಗೆ ‘ಚೆನ್ನಾಗಿ ತಿಂದ’ ಅಂತ ಹೇಳಿ ಕಳಿಸುವುದನ್ನು ನಿಲ್ಲಿಸಿ. ಬೆಳಿಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಅರ್ಧ ಬಟ್ಟಲು, ಸಂಜೆ ಗಂಜಿ ಪೂರ್ತಿ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡಿ. ಮಗು ಏನೂ ತಿಂದಿಲ್ಲ ಎಂದು ಗೊತ್ತಿದ್ದರೆ ರಾತ್ರಿ ಮನೆಯವರು ಬೇಗ ಉಣಿಸುತ್ತಾರೆ. ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ, ಊಟಕ್ಕೆ ಮುಂಚೆ, ತೆಳು ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು ಎರಡು ಕೆಜಿ ಏರುತ್ತಾರೆ. ಒಂದು ತಿಂಗಳು ಏರದಿದ್ದರೆ ಗಾಬರಿ ಬೇಡ, ಜ್ವರ ನೆಗಡಿ ಬಂದಿರಬಹುದು. ಮೂರು ತಿಂಗಳು ಒಂದೇ ಕಡೆ ನಿಂತರೆ, ಅಥವಾ ಇಳಿದರೆ, ಆ ಪುಸ್ತಕವನ್ನೇ ತಂದೆತಾಯಿಯ ಕೈಗೆ ಕೊಟ್ಟು ಮಕ್ಕಳ ಡಾಕ್ಟರ ಹತ್ತಿರ ಕಳಿಸಿ.